ನವ್ಯ ಕೃತಿ ಕಷ್ಟವಾಗಿರಲೇಬೇಕಾ?

ಪರ

1839ರಲ್ಲಿ ಡಗೆರೋಟೈಪ್ ಅನ್ನೋ ಮೊದಮೊದಲ ಬಗೆಯ ಫೋಟೋ ಬಂತು. ಮುಖವನ್ನು ಇದ್ದ ಹಾಗೇ ಹಿಡಿಯೋ ಕೆಲಸವನ್ನು ಯಂತ್ರವೇ ಮಾಡತೊಡಗಿದ ಮೇಲೆ ಚಿತ್ರಕಾರ ಬೇರೆ ದಾರಿ ಹುಡುಕಲೇಬೇಕಿತ್ತು. ಹಳೆಯ ರೀತಿ ಬಿಟ್ಟ ಆ ಹೊಸ ದಾರಿಯೇ ನವ್ಯ. ಪಿಕಾಸೊ 1907ರಲ್ಲಿ ಬರೆದ 'ಅವಿನ್ಯೋನ್ ತರುಣಿಯರು' ಚಿತ್ರವನ್ನೇ ನೋಡಿ. ಐದು ಜನ ಹೆಂಗಸರು. ಬಲಗಡೆ ಕೆಳಗೆ ಕುಕ್ಕರಗಾಲಲ್ಲಿ ಕೂತವಳು ನಮಗೆ ಬೆನ್ನು ಹಾಕಿದ್ದಾಳೆ. ಮುಖ ಮಾತ್ರ ನೇರ ನಮ್ಮ ಕಡೆಗೇ ಇದೆ! ಒಂದೇ ಕಡೆ ನಿಂತು ನೋಡಿದರೆ ಹೀಗೆ ಕಾಣೋದಿಲ್ಲ. ಸುತ್ತು ಹಾಕಿ ಕಂಡದ್ದನ್ನೆಲ್ಲ ಒಂದೇ ಕ್ಯಾನ್ವಾಸಿಗೆ ತಂದ ಹಾಗಿದೆ. ಇದನ್ನು ಸುಲಭ ಮಾಡಿ ಅಂದರೆ ಮತ್ತೆ ಫೋಟೋಗೇ ವಾಪಸ್.

ಬರಹದಲ್ಲೂ ಅಷ್ಟೇ. ಜಾಯ್ಸ್‌ನ 'ಯೂಲಿಸಿಸ್' ಕಾದಂಬರಿ (1922) ಹೆಚ್ಚುಕಡಿಮೆ ಒಂದೇ ದಿನದ ಕತೆ. ಕೊನೆಯ ಅಧ್ಯಾಯದಲ್ಲಿ ನಾಯಕನ ಹೆಂಡತಿ ಮಾಲಿ ಹಾಸಿಗೆಯಲ್ಲಿ ಬಿದ್ದುಕೊಂಡು ಯೋಚಿಸುತ್ತಾಳೆ. ಇಡೀ ಅಧ್ಯಾಯಕ್ಕೆ ಎಂಟೇ ವಾಕ್ಯ, ಅಲ್ಪವಿರಾಮದ ಸುದ್ದಿಯೇ ಇಲ್ಲ. ಓದೋಕೆ ಕಷ್ಟ, ನಿಜ. ಆದರೆ ನಿದ್ದೆ ಬಾರದ ರಾತ್ರಿ ನಾವು ಅಲ್ಪವಿರಾಮ ಹಾಕಿಕೊಂಡು ಯೋಚಿಸ್ತೀವಾ? ಅಲ್ಲಿ ಚಿಹ್ನೆ ಸೇರಿಸಿ ಓದಿ ನೋಡಿ, ಮಾಲಿ ಯಾರಿಗೋ ಕಾಗದ ಬರೆಯುತ್ತಿರೋ ಹಾಗೆ ಕೇಳಿಸುತ್ತಾಳೆ.

ವಿರೋಧ

ಮಾಲಿಯ ವಿಷಯದಲ್ಲಿ ತಕರಾರಿಲ್ಲ. ಕಷ್ಟವೇ ನವ್ಯದ ಗುರುತು ಅಂದಾಗ ಮಾತ್ರ ನನಗೆ ಕತೆಗಾರ ಕಾಫ್ಕಾ ನೆನಪಾಗುತ್ತಾನೆ. 1915ರಲ್ಲಿ ಅಚ್ಚಾದ ಅವನ 'ರೂಪಾಂತರ' ಕತೆಯಲ್ಲಿ ಗ್ರೆಗರ್ ಸಾಮ್ಸಾ ಬೆಳಿಗ್ಗೆ ಎಚ್ಚರವಾಗಿ ನೋಡಿದರೆ ದೊಡ್ಡ ಹುಳವಾಗಿದ್ದಾನೆ. ಆಗಲೂ ಅವನ ಚಿಂತೆ ಏನು ಗೊತ್ತಾ? ಐದು ಗಂಟೆಯ ರೈಲು ತಪ್ಪಿಹೋಯ್ತಲ್ಲ, ಕೆಲಸಕ್ಕೆ ತಡವಾಯ್ತಲ್ಲ ಅಂತ. ಭಾಷೆಯಲ್ಲಿ ಯಾವ ಕಸರತ್ತೂ ಇಲ್ಲ. ಆಫೀಸಿನ ವರದಿಯಷ್ಟು ನೆಟ್ಟಗಿದೆ. ಅದಕ್ಕೇ ಅಷ್ಟು ಭಯವಾಗೋದು. ಇದಕ್ಕಿಂತ ನವ್ಯ ಇನ್ನೇನು ಬೇಕು?

ಎಲಿಯಟ್‌ನ 'ದಿ ವೇಸ್ಟ್ ಲ್ಯಾಂಡ್' ಕವಿತೆಯ (1922) ವಿಷಯ ಬೇರೆ. 434 ಸಾಲು, ಹಲವು ಭಾಷೆ, ಕೊನೆಗೆ ಮೂರು ಸಲ 'ಶಾಂತಿ'. ನಮ್ಮ ಕಿವಿಗೆ ಅದು ಪರಿಚಿತ, ಅಲ್ಲಿಯ ಓದುಗರಿಗೆ ಅಲ್ಲ. ಪುಸ್ತಕವಾಗಿ ಬಂದಾಗ ಎಲಿಯಟ್ ಬರೆದ ಟಿಪ್ಪಣಿಗಳೂ ಬಂದವು. ಮುಂದೆ ಅವನೇ ಅವನ್ನು ಹುಸಿ ಪಾಂಡಿತ್ಯ ಅಂತ ಗೇಲಿ ಮಾಡಿದ. ಅಷ್ಟರಲ್ಲಿ ಓದುಗರು ಅವುಗಳಲ್ಲೇ ಸಾಕಷ್ಟು ತಲೆ ಕೆಡಿಸಿಕೊಂಡಾಗಿತ್ತು.

ದೊಡ್ಡವರ ಕಷ್ಟಕ್ಕೆ ಒಂದು ಕಾರಣವಾದರೂ ಇರುತ್ತೆ. ಅವರನ್ನು ನೋಡಿ ಆಮೇಲೆ ಬಂದವರದ್ದು ಬರೀ ವೇಷ. ಸುಮ್ನೆ ಬೇರೆಯವರನ್ನು ಯಾಕೆ ದೂರಲಿ, ಸಾಲು ಮುರಿದು, ಚಿಹ್ನೆ ಕಿತ್ತುಹಾಕಿ ನಾನೂ ಪದ್ಯ ಬರೆದಿದ್ದೆ. ಅರ್ಥವಾಗಲಿಲ್ಲ ಕಣೋ ಅಂದ ಗೆಳೆಯನಿಗೆ, ಅದು ನವ್ಯ ಅಂದೆ. ಅವನು ಬಿಡದೆ ಮೂರನೇ ಸಾಲಿನ ಅರ್ಥ ಕೇಳಿದ. ನನಗೂ ಗೊತ್ತಿರಲಿಲ್ಲ.