ನಮ್ಮ ಮನೆಯ ಬೆಲೆ ನಮಗೆ ಮಾತ್ರ ಗೊತ್ತಿರಲಿಲ್ಲ

ಕಳೆದ ಭಾನುವಾರ ಬೆಳಗ್ಗೆ ಹಾಲು ತರಲು ಹೊರಟವನಿಗೆ ಲಿಫ್ಟಿನಲ್ಲಿ ನಾಲ್ಕನೇ ಮಹಡಿಯ ನೆರೆಯವರು ಸಿಕ್ಕರು. ಬನಶಂಕರಿ ಮೂರನೇ ಹಂತದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಿವೃತ್ತಿಗೆ ಹತ್ತಿರವಾದ ಪ್ರತಿಯೊಬ್ಬರಿಗೂ ಮಲೆನಾಡಿನಲ್ಲೊಂದು ಮನೆ ಮಾಡಿಕೊಳ್ಳುವ ಆಸೆ ಇರುವುದರಿಂದ, ಅವರು ಫೋನು ತೆಗೆದು ‘ಈ ಪ್ರಾಪರ್ಟಿ ಹೇಗಿದೆ ನೋಡಿ ಹೇಳಿ ಸಾರ್, ನೀವು ಆ ಕಡೆಯವರಲ್ಲವೇ’ ಎಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಚಿತ್ರ ನೋಡಿದ ಮೇಲೆ ಆಯಿತು. ಅದು ನಮ್ಮ ಮನೆ. ಅಪ್ಪ 1984ರಲ್ಲಿ ಕಟ್ಟಿಸಿದ ಹೆಂಚಿನ ಮನೆ. ಜಗಲಿಯ ಮೂಲೆಯಲ್ಲಿ ಅಮ್ಮ ಬಿಟ್ಟುಬಂದ ನೀಲಿ ಪ್ಲಾಸ್ಟಿಕ್ ಕುರ್ಚಿಯೂ ಹಾಗೆಯೇ ಇತ್ತು. ಚಿತ್ರದ ಕೆಳಗೆ ‘ವ್ಯಾಲಿ ವ್ಯೂ, ಹೋಮ್‌ಸ್ಟೇಗೆ ಹೇಳಿ ಮಾಡಿಸಿದ ಜಾಗ, 96 ಲಕ್ಷ’ ಎಂದು ಬರೆದಿತ್ತು. ಅದರ ಕೊನೆಯಲ್ಲಿದ್ದ ಫೋನ್ ನಂಬರು, ಹನ್ನೊಂದು ತಿಂಗಳಿನಿಂದ ನಮಗೆ ‘62ರ ಮೇಲೆ ಒಂದು ಪೈಸೆಯೂ ಹುಟ್ಟುವುದಿಲ್ಲ’ ಎಂದು ಹೇಳುತ್ತ ಬಂದಿರುವ ದಲ್ಲಾಳಿಯದು.

ಊರಿನ ಹೆಸರು ಬರೆಯುವುದಿಲ್ಲ. ಘಟ್ಟದ ಮೇಲಿನ ಆ ಊರು ಎಷ್ಟು ಚಿಕ್ಕದೆಂದರೆ, ಹೆಸರು ಬರೆದ ಮರುಕ್ಷಣವೇ ಆ ದಲ್ಲಾಳಿ ಯಾರೆಂಬುದು ಅಲ್ಲಿನ ಎಲ್ಲರಿಗೂ ತಿಳಿಯುತ್ತದೆ. ನನಗಾದರೋ ಅಲ್ಲಿ ಇನ್ನೂ ಒಂದು ಮನೆ ಮಾರಿ, ಇನ್ನೊಂದು ಮನೆ ಕೊಳ್ಳುವುದು ಬಾಕಿ ಇದೆ.

ವಿಷಯ ಇಷ್ಟೇ. ಅಪ್ಪ ತೀರಿಕೊಂಡ ಮೇಲೆ ಅಮ್ಮ ಬೆಂಗಳೂರಿಗೆ ಬಂದು ನಮ್ಮೊಂದಿಗಿದ್ದಾರೆ. ಇಲ್ಲಿ ಅವರಿಗೆ ಹಿಡಿಸುತ್ತಿಲ್ಲ. ಊರಿಗೆ ಹೋಗುತ್ತೇನೆ ಎನ್ನುತ್ತಾರೆ. ಆದರೆ ಊರಿನ ಮನೆಗೆ ರಸ್ತೆಯಿಂದ 38 ಮೆಟ್ಟಿಲು ಹತ್ತಬೇಕು, ಅವರ ಮೊಣಕಾಲು ಎಂಟನೆಯ ಮೆಟ್ಟಿಲಿಗೇ ನಿಲ್ಲುತ್ತದೆ. ಆದ್ದರಿಂದ ಆ ಮನೆಯನ್ನು ಮಾರಿ, ಅದೇ ಊರಿನ ಕೆಳಪೇಟೆಯಲ್ಲಿ ಆಸ್ಪತ್ರೆಗೂ ಅಂಗಡಿಗೂ ಹತ್ತಿರವಾಗುವಂತೆ ಸಮತಟ್ಟಿನಲ್ಲಿರುವ ಸಣ್ಣ ಮನೆಯೊಂದನ್ನು ಕೊಳ್ಳೋಣವೆಂದು ನಾನೂ ನನ್ನ ಅಕ್ಕನೂ 2024ರ ಡಿಸೆಂಬರಿನಲ್ಲಿ ತೀರ್ಮಾನಿಸಿದೆವು. ಒಂದೇ ಊರು, ಒಂದು ಮಾರಾಟ, ಒಂದು ಖರೀದಿ. ಆ ಊರಿನಲ್ಲಿ ಒಂದು ವರ್ಷಕ್ಕೆ ಕೈಬದಲಾಗುವ ಮನೆಗಳನ್ನು ಬೆರಳಿನಲ್ಲಿ ಎಣಿಸಬಹುದು, ಮತ್ತು ಅವೆಲ್ಲವೂ ಒಬ್ಬನೇ ದಲ್ಲಾಳಿಯ ಕೈದಾಟಿ ಹೋಗುತ್ತವೆ ಎಂಬುದು ನಮಗೆ ಆಗ ತಿಳಿದಿರಲಿಲ್ಲ.

ಮೊದಲ ಭೇಟಿಯಲ್ಲಿಯೇ ಆತ ಕೇಳಿದ ಪ್ರಶ್ನೆ, ‘ನಿಮ್ಮ ಕೈಗೆ ಎಷ್ಟು ಬರಬೇಕು ಹೇಳಿ, ಮೇಲಿನದು ನನಗೆ ಬಿಡಿ’ ಎಂಬುದು. ಅದರ ಅರ್ಥ ನನಗೆ ಆ ಭಾನುವಾರ ಲಿಫ್ಟಿನಲ್ಲಿ ಪೂರ್ತಿಯಾಗಿ ಆಯಿತು. ನಾವು ಒಪ್ಪದೆ, ಎರಡೂ ಕಡೆಯಿಂದ ಶೇ 2ರಂತೆ ಕಮಿಷನ್ ಕೊಡುವುದಾಗಿ ಹೇಳಿದೆವು. ಆಗ ಆತ ಇನ್ನೊಂದು ದಾರಿ ತೋರಿಸಿದ: ಎರಡು ಲಕ್ಷ ಮುಂಗಡ ಕೊಡುತ್ತಾನಂತೆ, ಆರು ತಿಂಗಳ ಗಡುವಿನ ಕ್ರಯದ ಕರಾರನ್ನೂ ಜಿಪಿಎಯನ್ನೂ (ನಮ್ಮ ಪರವಾಗಿ ಮನೆ ಮಾರುವ ಅಧಿಕಾರಪತ್ರ) ಅವನ ಹೆಸರಿಗೆ ಬರೆದುಕೊಡಬೇಕಂತೆ. ಜಿಪಿಎ ಮೇಲೆ ನಡೆದ ಮಾರಾಟದಿಂದ ಒಡೆತನ ಬದಲಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಹೇಳಿದ್ದರೂ, ಆ ಊರಿನಲ್ಲಿ ಜನ ಈಗಲೂ ಅದನ್ನು ಬರೆದುಕೊಡುತ್ತಾರೆ; ಏಕೆಂದರೆ ಬರೆದುಕೊಡದವರ ಮನೆಗೆ ಆತ ಗಿರಾಕಿಯನ್ನೇ ಕರೆತರುವುದಿಲ್ಲ. ನಾನು ಬರೆದುಕೊಡಲಿಲ್ಲ. ಅಲ್ಲಿಂದ ನಮ್ಮ ಮನೆಯಲ್ಲಿ ಒಂದೊಂದಾಗಿ ದೋಷಗಳು ಕಾಣಿಸಿಕೊಳ್ಳತೊಡಗಿದವು.

ದಾಖಲೆಪತ್ರದಲ್ಲಿ 11 ಸೆಂಟ್ಸ್, ಅಂದರೆ ಸುಮಾರು 4,790 ಚದರಡಿ ಜಾಗವಿದೆ. ಮಾರುವಾಗ ಆತ ಅದರಲ್ಲಿ ಸಮತಟ್ಟಾದ ನಾಲ್ಕು ಸೆಂಟ್ಸನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಉಳಿದದ್ದು ಬರೆ, ಅಂದರೆ ಗುಡ್ಡದ ಕಡಿದಾದ ಇಳಿಜಾರು, ಅದಕ್ಕೆ ಯಾರೂ ಹಣ ಕೊಡುವುದಿಲ್ಲ ಎಂದ. ಹೆಂಚಿನ ಮಾಡು, ಪಕ್ಕಾಸು ರೀಪುಗಳನ್ನೆಲ್ಲ ಬದಲಿಸಬೇಕು ಎಂದ. ಮೆಟ್ಟಿಲು ಹೆಚ್ಚು, ಕಾರು ಮನೆಯವರೆಗೆ ಬರುವುದಿಲ್ಲ ಎಂದ. ಅದು ನಿಜ, ಅದಕ್ಕಾಗಿಯೇ ನಾವು ಮಾರುತ್ತಿರುವುದು. ಇವೆಲ್ಲ ಮುಗಿದ ಮೇಲೆ ಕೊನೆಯ ಬಾಣವಾಗಿ 2018ನ್ನು ತೆಗೆದ. ಆ ವರ್ಷದ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಕಾಲೂರು, ಜೋಡುಪಾಲಗಳ ಕಡೆ ಗುಡ್ಡಗಳು ಜರಿದು ಮನೆ, ತೋಟ, ಜೀವಗಳು ಹೋದದ್ದನ್ನು ಘಟ್ಟದ ಮೇಲೆ ಬದುಕಿದವರು ಯಾರೂ ಮರೆತಿಲ್ಲ. ಆದರೆ ಅದೇ ಮಳೆಯಲ್ಲಿ ನಮ್ಮ ಮನೆಯ ಹಿಂದಿನ ಬರೆಯಿಂದ ಒಂದು ಬುಟ್ಟಿ ಮಣ್ಣೂ ಇಳಿಯಲಿಲ್ಲ. ಅಪ್ಪ ಅದನ್ನು ನೆಟ್ಟಗೆ ಕಡಿಸದೆ ಮೂರು ಹಂತ ಮಾಡಿಸಿ, ಕೆಳಗೆ ಕಲ್ಲಿನ ತಡೆಗೋಡೆ ಕಟ್ಟಿಸಿ, ಗೋಡೆಯ ಹಿಂದೆ ನಿಂತ ನೀರು ಹೊರಬರಲೆಂದು ಅಲ್ಲಲ್ಲಿ ಕಂಡಿ ಬಿಡಿಸಿದ್ದರು. ಪ್ರತಿ ವರ್ಷ ಮೇ ತಿಂಗಳಲ್ಲಿ ಅವರು ಮೊದಲು ಮಾಡಿಸುತ್ತಿದ್ದ ಕೆಲಸವೆಂದರೆ ಮೇಲಿನ ಚರಂಡಿಯ ಎಲೆ ತೆಗೆಸುವುದು. ಹೆಂಚಿನ ಸರದಿ ಅದರ ನಂತರ. ಇಳಿಜಾರಿನ ಬುಡವನ್ನು ಕಡಿದು, ಮೇಲಿನ ನೀರಿಗೆ ದಾರಿ ಬಿಡದಿದ್ದರೆ ಮಣ್ಣು ನೀರು ಕುಡಿದು ತನ್ನ ಭಾರಕ್ಕೇ ಜಾರುತ್ತದೆ ಎಂಬುದನ್ನು ಅವರು ಯಾವ ವರದಿಯಲ್ಲಿಯೂ ಓದಿರಲಿಲ್ಲ, ಅಲ್ಲಿ ಬದುಕಿ ಕಲಿತಿದ್ದರು.

ಇದನ್ನು ಇಷ್ಟು ವಿವರವಾಗಿ ಬರೆಯಲು ಕಾರಣವಿದೆ. ಫೆಬ್ರವರಿಯಲ್ಲಿ ನಮ್ಮ ಪಕ್ಕದ ಮನೆಯವರ ಮೂಲಕ, ದಲ್ಲಾಳಿಯ ಹಂಗಿಲ್ಲದೆ, ಶಾಲಾ ಶಿಕ್ಷಕ ದಂಪತಿ ಮನೆ ನೋಡಲು ಬಂದರು. ಆ ಹನ್ನೊಂದು ತಿಂಗಳಲ್ಲಿ ಬಂದವರ ಪೈಕಿ, ಎಷ್ಟು ಕೋಣೆಗೆ ಅಟ್ಯಾಚ್ಡ್ ಬಾತ್‌ರೂಮ್ ಮಾಡಬಹುದು ಎಂದು ಕೇಳದೆ, ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತಿದ್ದಿರಿ ಎಂದು ಅಮ್ಮನನ್ನು ಕೇಳಿದವರು ಅವರೊಬ್ಬರೇ. ಬ್ಯಾಂಕಿನ ಸಾಲ ತೆಗೆದು, ಪೂರ್ತಿ ಹಣವನ್ನು ಕ್ರಯಪತ್ರದಲ್ಲಿ ತೋರಿಸಿ, 64 ಲಕ್ಷ ಕೊಡುವುದಾಗಿ ಹೇಳಿದರು. ಅಮ್ಮನಿಗೆ ಅವರು ಹಿಡಿಸಿದರು, ಮಾತು ಮುಗಿದಂತೆಯೇ ಇತ್ತು. ಹತ್ತು ದಿನಗಳ ನಂತರ ಆ ಶಿಕ್ಷಕರು ಫೋನು ಮಾಡಿ, ‘ನಿಮ್ಮ ಬರೆ ಆ ವರ್ಷ ಜರಿದಿತ್ತಂತೆ, ಮೊದಲೇ ಹೇಳಬಹುದಿತ್ತು’ ಎಂದು ಬೇಸರದಿಂದಲೇ ಹೇಳಿ ಹಿಂದೆ ಸರಿದರು. ಹೇಳಿದವರು ಯಾರು ಎಂದು ಕೇಳಬೇಕಾಗಿರಲಿಲ್ಲ. ನಾನು ಫೋನಿನಲ್ಲಿ ದಲ್ಲಾಳಿಯನ್ನು ತರಾಟೆಗೆ ತೆಗೆದುಕೊಂಡರೆ, ಆತ ಒಂದಿಷ್ಟೂ ವಿಚಲಿತನಾಗದೆ, ‘ಊರಿನವರು ಮಾತಾಡಿಕೊಳ್ಳುವುದನ್ನು ಹೇಳಿದೆ ಸಾರ್, ನಾಳೆ ಅವರಿಗೆ ಮೋಸ ಆಗಬಾರದಲ್ಲ’ ಎಂದ.

ಈಗ ಖರೀದಿಯ ಕಡೆ ಬನ್ನಿ. ಮೇ ತಿಂಗಳಲ್ಲಿ ಅದೇ ಮನುಷ್ಯ ಕೆಳಪೇಟೆಯಲ್ಲಿ ನಾಲ್ಕೂವರೆ ಸೆಂಟ್ಸಿನ ಮನೆಯೊಂದು 48 ಲಕ್ಷಕ್ಕೆ ಇದೆ ಎಂದು ಫೋನಿನಲ್ಲಿ ಹೇಳಿದ. ನಾವು ಕಾರಿನಲ್ಲಿ ಹೋಗಿ ಇಳಿದೆವು. ಮನೆಯ ಒಡೆಯರು ಕೆಎ 05 ನಂಬರಿನ ಫಲಕವನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ಒಳಗೆ ಹೋಗಿ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಬೆಲೆ 58 ಆಗಿತ್ತು. ಆ ಮನೆಯ ಹಿಂದೆ ಯಾರೋ ಪಕ್ಕದ ಸೈಟಿಗಾಗಿ ಜೆಸಿಬಿಯಿಂದ ಗುಡ್ಡವನ್ನು ಗೋಡೆಯಂತೆ ನೆಟ್ಟಗೆ ಕಡಿದಿದ್ದರು. ತಡೆಗೋಡೆಯೂ ಇಲ್ಲ, ಚರಂಡಿಯೂ ಇಲ್ಲ, ಕೆಂಪು ಮಣ್ಣು ಹಸಿಯಾಗಿ ನಿಂತಿತ್ತು. ಇದು ಅಪಾಯವಲ್ಲವೇ ಎಂದು ಕೇಳಿದೆ. ಮೂರು ತಿಂಗಳ ಹಿಂದೆ ಶಿಕ್ಷಕರಿಗೆ ಮೋಸವಾಗಬಾರದೆಂದು ಅಷ್ಟೊಂದು ಕಳವಳಪಟ್ಟ ಅದೇ ಬಾಯಿ, ‘ಬೆಂಗಳೂರಿನವರು ಸುಮ್ಮನೆ ಹೆದರುತ್ತೀರಿ ಮಾರಾಯ್ರೆ’ ಎಂದಿತು. ನಮ್ಮ ಮನೆಯ ಇಳಿಜಾರು ನಾವು ಮಾರುವಾಗ ಕುಸಿತದ ಜಾಗ, ನೆರೆಯವರ ಫೋನಿನಲ್ಲಿ ವ್ಯಾಲಿ ವ್ಯೂ.

ಬೆಲೆ ಹೇಳುವುದರಲ್ಲಿ ಇಷ್ಟು ಧೈರ್ಯ ಹೇಗೆ ಬರುತ್ತದೆ ಎಂದು ಯೋಚಿಸಿದರೆ, ನಿಜವಾದ ಬೆಲೆ ಎಲ್ಲಿಯೂ ದಾಖಲಾಗಿಯೇ ಇಲ್ಲ. ಪ್ರತಿಯೊಂದು ಕ್ರಯಪತ್ರದಲ್ಲಿಯೂ ಸರ್ಕಾರದ ಮಾರ್ಗಸೂಚಿ ಬೆಲೆಗಿಂತ ಕೂದಲೆಳೆಯಷ್ಟು ಹೆಚ್ಚು ಮೊತ್ತ ಬರೆಸಿ, ಉಳಿದದ್ದನ್ನು ಚೀಲದಲ್ಲಿ ಕೊಡುವುದು ಅಲ್ಲಿನ ಪದ್ಧತಿ. ಹಾಗಾಗಿ ಪಕ್ಕದ ಮನೆ ಎಷ್ಟಕ್ಕೆ ಹೋಯಿತು ಎಂದು ಕಾಗದ ನೋಡಿ ತಿಳಿಯುವಂತಿಲ್ಲ. ತಿಳಿದಿರುವುದು ಚೀಲ ಎಣಿಸುವಾಗ ಪಕ್ಕದಲ್ಲಿ ಕೂತಿದ್ದ ದಲ್ಲಾಳಿಗೆ ಮಾತ್ರ. ನಾವು ನೋಡಿದ ಮನೆಗೂ 58ರಲ್ಲಿ 28ನ್ನು ಮಾತ್ರ ‘ವೈಟ್’ ಎಂದರು. ಬ್ಯಾಂಕಿನವರು ಸಾಲ ಕೊಡುವುದು ಕಾಗದದ ಮೇಲಿನ ಬೆಲೆಗೆ, ಅದರಲ್ಲಿಯೂ ಹೆಚ್ಚೆಂದರೆ ಶೇ 90. ಅಂದರೆ 25 ಲಕ್ಷ ಚಿಲ್ಲರೆ. ಮಿಕ್ಕ 30 ಲಕ್ಷವನ್ನು ಸಂಬಳದಲ್ಲಿ ಬದುಕುವವನು ನೋಟಿನ ರೂಪದಲ್ಲಿ ಎಲ್ಲಿಂದ ತರಬೇಕು? ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚಿನ ಹಣವನ್ನು ನಗದಾಗಿ ಪಡೆಯಬಾರದು, ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು ಎಂಬ ಆದಾಯ ತೆರಿಗೆಯ ನಿಯಮ 2015ರ ಜೂನ್‌ನಿಂದಲೂ ಇದೆ. ಅದನ್ನು ಹೇಳಿದಾಗ ಒಡೆಯರು ದಲ್ಲಾಳಿಯ ಮುಖ ನೋಡಿ ನಕ್ಕರು. ಆ ಶಿಕ್ಷಕ ದಂಪತಿಯಂಥವರು ತಮ್ಮ ಊರಿನಲ್ಲಿಯೇ ಮನೆ ಕೊಳ್ಳಲಾಗದೆ ವರ್ಷಗಟ್ಟಲೆ ಬಾಡಿಗೆಯಲ್ಲಿರುವುದು ಏಕೆ ಎಂದು ನನಗೆ ಆ ನಗುವಿನಲ್ಲಿ ಗೊತ್ತಾಯಿತು.

ಜುಲೈನಲ್ಲಿ ಮಳೆ ಹಿಡಿದು, ಬೇರೆ ಗಿರಾಕಿಗಳು ಬರದೇ ಹೋದಾಗ ಅವರು 54ಕ್ಕೆ, ಪೂರ್ತಿ ಬ್ಯಾಂಕಿನ ಮೂಲಕ, ಒಪ್ಪಿದರು. ಆ ಹಸಿ ಗುಡ್ಡಕ್ಕೆ ನಾವೇ ಗೋಡೆ ಕಟ್ಟಿಸಿಕೊಳ್ಳೋಣವೆಂದು ಮನಸ್ಸು ಗಟ್ಟಿ ಮಾಡಿ ಒಂದು ಲಕ್ಷ ಟೋಕನ್ ಕೊಟ್ಟೆವು. ಬಳಿಕ ನನ್ನ ವಕೀಲರು ವಂಶವೃಕ್ಷ ಕೇಳಿ ತರಿಸಿದರೆ, ಅದರಲ್ಲಿ ಒಡೆಯರಲ್ಲದೆ ಇಬ್ಬರು ತಮ್ಮಂದಿರೂ ಮಂಗಳೂರಿನಲ್ಲಿರುವ ಒಬ್ಬ ತಂಗಿಯೂ ಇದ್ದರು. ತಂಗಿಗೆ ಮಾರಾಟದ ಸುದ್ದಿಯೇ ಗೊತ್ತಿರಲಿಲ್ಲ. ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಸಮಪಾಲು ಎಂದು ಕಾನೂನು ತಿದ್ದುಪಡಿಯಾಗಿ 20 ವರ್ಷವಾಯಿತು. ದಲ್ಲಾಳಿಯ ಪ್ರಕಾರ ಮಾತ್ರ ‘ಸೀರೆ ಕೊಟ್ಟು ಸಹಿ ಹಾಕಿಸಿದರಾಯಿತು’. ತಂಗಿಯವರು ಸೀರೆಗೆ ಒಪ್ಪಲಿಲ್ಲ. ಅವರ ಬಗ್ಗೆ ನನಗೆ ಸಿಟ್ಟಿಲ್ಲ, ಅವರು ಮಾಡಿದ್ದೇ ಸರಿ. ಆದರೆ ಅಣ್ಣತಂಗಿಯರ ಮಾತುಕತೆ ಎಳೆದಾಡುತ್ತಿದ್ದಂತೆ 2025ರ ಆಗಸ್ಟ್ 31 ಬಂತು, ಅಂದಿನಿಂದ ರಾಜ್ಯದಲ್ಲಿ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. ಮುದ್ರಾಂಕ ಶುಲ್ಕ, ಸೆಸ್ ಎಲ್ಲ ಸೇರಿ ಶೇ 6.6 ಇದ್ದದ್ದು ಶೇ 7.6 ಆಯಿತು, 54 ಲಕ್ಷಕ್ಕೆ ಇದೊಂದರಿಂದಲೇ 54,000 ರೂಪಾಯಿ ಹೆಚ್ಚು. ಪ್ರಾಮಾಣಿಕವಾಗಿ ಪೂರ್ತಿ ಬೆಲೆ ಬರೆಸುವವನಿಗೆ ಏರಿಕೆಯೂ ಪೂರ್ತಿ, ಅರ್ಧ ಬರೆಸುವವನಿಗೆ ಅರ್ಧ. ಟೋಕನ್ ಹಣ ವಾಪಸು ಕೇಳಿದರೆ ‘ಎಲ್ಲಿಗೆ ಹೋಗುತ್ತೆ ಸಾರ್’ ಎಂಬ ಉತ್ತರ ಬರುತ್ತಿದೆ, ಹಣ ಬರುತ್ತಿಲ್ಲ.

ದೂರು ಕೊಡಲು ಹೋಗೋಣವೆಂದರೆ, ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆಯಲ್ಲಿ ಏಜೆಂಟರು ನೋಂದಾಯಿಸಿಕೊಳ್ಳಬೇಕೆಂದಿರುವುದು ಆ ಕಾಯ್ದೆಯಡಿ ನೋಂದಣಿಯಾದ ಪ್ರಾಜೆಕ್ಟುಗಳನ್ನು ಮಾರುವವರಿಗೆ. ಹಳೆಯ ಹೆಂಚಿನ ಮನೆಯನ್ನು ಕೈಯಿಂದ ಕೈಗೆ ದಾಟಿಸುವವನಿಗೆ ಫೋನೊಂದಿದ್ದರೆ ಸಾಕು, ಬೋರ್ಡೂ ಬೇಡ. ಎಲ್ಲಿಯಾದರೂ ನೋಂದಣಿ ಮಾಡಿಸಬಹುದೆಂಬ ಸೌಲಭ್ಯ 2024ರ ಸೆಪ್ಟೆಂಬರಿನಲ್ಲಿಯೇ ಬಂದಿದ್ದರಿಂದ ಅಮ್ಮನನ್ನು ಕರೆದುಕೊಂಡು ಘಟ್ಟ ಹತ್ತುವುದು ತಪ್ಪಿತು ಎಂದುಕೊಂಡಿದ್ದೆ. ಅದು ಆಯಾ ಜಿಲ್ಲೆಯೊಳಗೆ ಮಾತ್ರ. ಹೀಗಾಗಿ ಈ ಹನ್ನೊಂದು ತಿಂಗಳಲ್ಲಿ ಇ-ಖಾತೆ, ಋಣಭಾರ ಪತ್ರ, ಮರಣ ಪ್ರಮಾಣಪತ್ರ ಎಂದು ನಾನು ಒಂಬತ್ತು ಸಲ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ರಾತ್ರಿ ಬಸ್ಸು ಹತ್ತಿದ್ದೇನೆ.

ನನ್ನ ತಪ್ಪೇ ಇಲ್ಲ ಎನ್ನುವುದಿಲ್ಲ. ಇಪ್ಪತ್ತೆರಡು ವರ್ಷ ಬೆಂಗಳೂರಿನಲ್ಲಿದ್ದು, ವರ್ಷಕ್ಕೆರಡು ಸಲ ನೆಂಟನ ಹಾಗೆ ಹೋಗಿ ಬಂದವನಿಗೆ ಊರು ‘ಬೆಂಗಳೂರು ಪಾರ್ಟಿ’ ಎಂದು ಹೆಸರಿಟ್ಟರೆ ತಕರಾರು ಮಾಡುವ ಹಕ್ಕು ಎಷ್ಟಿದೆಯೋ. ವಾರಾಂತ್ಯಕ್ಕೊಂದು ಮನೆ ಇರಲಿ ಎಂದು ಕೇಳಿದಷ್ಟು ಸುರಿದು, ನಂತರ ಹತ್ತು ತಿಂಗಳು ಬೀಗ ಹಾಕಿಡುವವರು ನಮ್ಮ ಬೆಂಗಳೂರಿನವರೇ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ: ಕೊಳ್ಳಲು ಹೋದಾಗ ನಾನು ಹಣವಂತ ಬೆಂಗಳೂರಿನವನು, ಮಾರಲು ಹೋದಾಗ ಗತಿಯಿಲ್ಲದ ಊರಿನವನು, ಇದು ಒಂದೇ ವಾರದಲ್ಲಿ ಒಂದೇ ಬಾಯಿಂದ ಹೇಗೆ ಬರುತ್ತದೆ?

ಲಿಫ್ಟಿನ ವಿಷಯ ಅರ್ಧಕ್ಕೆ ಬಿಟ್ಟೆ. ಫೋನನ್ನು ಅವರಿಗೆ ಹಿಂತಿರುಗಿಸಿ, ಇದು ನಮ್ಮದೇ ಮನೆ, ನಮಗೆ 62ಕ್ಕಿಂತ ಹೆಚ್ಚಿಗೆ ಸಿಗುವುದಿಲ್ಲವೆಂದು ಆ ಮನುಷ್ಯ ಹೇಳುತ್ತಿದ್ದಾನೆ ಎಂದು ಎಲ್ಲವನ್ನೂ ಬಾಯಿಬಿಟ್ಟೆ. ಅವರು ತುಂಬ ಮರುಗಿದರು. ಎಂಥ ಕಾಲ ಬಂತು ನೋಡಿ, ಹೀಗೂ ಮೋಸ ಮಾಡುತ್ತಾರೆಯೇ ಎಂದು ನನ್ನ ಭುಜದ ಮೇಲೆ ಕೈಯಿಟ್ಟರು. ಕೆಳಗಿನ ಮಹಡಿ ಬಂದು ಬಾಗಿಲು ತೆರೆಯುವ ಹೊತ್ತಿಗೆ ಸ್ವಲ್ಪ ಯೋಚಿಸಿ, ದನಿ ತಗ್ಗಿಸಿ, ‘ಹಾಗಾದರೆ ಸಾರ್, ಆ 62ಕ್ಕೆ ನಮಗೇ ಕೊಟ್ಟುಬಿಡಿ, ಮಧ್ಯೆ ದಲ್ಲಾಳಿ ಯಾಕೆ’ ಎಂದರು.