ಸೋಲ್, ಹಿಪ್‌ಹಾಪ್ ಹುಡುಕಾಟಕ್ಕೆ ಆಕಾಶವಾಣಿಯ ದಾರಿ

ಆಕಾಶವಾಣಿಯಲ್ಲಿ ಚಿತ್ರಗೀತೆ ಕೇಳಿ ಬೆಳೆದವರಿಗೆ ಒಂದು ಪಾಠ ಪುಕ್ಕಟೆ ಸಿಕ್ಕಿದೆ. ಚಿತ್ರ ಯಾವುದು, ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಎಂದು ಉದ್ಘೋಷಕರು ಹೇಳಿದ ಮೇಲೆಯೇ ಹಾಡು. ಹಾಗಾಗಿ ಇದು ರಾಜನ್–ನಾಗೇಂದ್ರ, ಇದು ಜಿ.ಕೆ. ವೆಂಕಟೇಶ್ ಎಂದು ಪಲ್ಲವಿ ಮುಗಿಯುವುದರೊಳಗೆ ಗುರುತಿಸುವವರು ನಮ್ಮಲ್ಲಿ ಬೇಕಾದಷ್ಟು ಮಂದಿ. ವೆಂಕಟೇಶ್ ಅವರಿಗೆ ಸಹಾಯಕರಾಗಿದ್ದವರು ಇಳಯರಾಜ ಎಂದು ತಿಳಿದ ಮೇಲೆ ಇಬ್ಬರ ಹಾಡುಗಳನ್ನೂ ಹೊಸದಾಗಿ ಕೇಳಿಸಿಕೊಂಡವರೂ ಇದ್ದಾರೆ.

ನಾನಿರುವುದು ಅಮೆರಿಕದ ಫಿಲಡೆಲ್ಫಿಯಾದಲ್ಲಿ. ಅಲ್ಲಿನ ಕಪ್ಪು ಜನರ ಚರ್ಚು ಹಾಡುಗಳಿಂದ ಬೆಳೆದ ಸೋಲ್ ಸಂಗೀತದ ದೊಡ್ಡ ತವರುಗಳಲ್ಲೊಂದು ಇದು. ಆದರೆ ಇಲ್ಲಿನ ವಾಣಿಜ್ಯ ರೇಡಿಯೋದಲ್ಲಿ ಹಾಡಿದವರ ಹೆಸರು ಬಂದರೆ ಅದೇ ಹೆಚ್ಚು. ಡ್ರಮ್ಸ್ ಬಾರಿಸಿದವರು, ಬೇಸ್ ನುಡಿಸಿದವರು ಯಾರೆಂದು ಯಾರೂ ಹೇಳುವುದಿಲ್ಲ. ಆಪ್‌ಗಳದ್ದು ಇನ್ನೊಂದು ಬಗೆ: ನೀವು ಕೇಳಿದ್ದಕ್ಕೆ ಹೋಲುವುದನ್ನೇ ಹುಡುಕಿ ಮುಂದಿಡುತ್ತವೆ. ವಾರ ಕಳೆಯುವಷ್ಟರಲ್ಲಿ ಎಲ್ಲ ಹಾಡೂ ಒಂದೇ ಹದದ ಮಂದಗತಿ, ಒಂದೇ ಥರದ ಕೀಬೋರ್ಡು. ಹೊಸ ಸೋಲ್ ಎಲ್ಲ ಒಂದೇ ಥರ ಇದೆ ಎಂದು ದೂರುವವರು ಬಹುತೇಕ ಈ ಸುಳಿಯಲ್ಲಿ ಸಿಕ್ಕವರೇ.

ನನ್ನ ಅನಿಸಿಕೆ ಇಷ್ಟೆ: ಹುಡುಕುವಾಗ ಹೆಸರು ಹಿಡಿದು ಹೋಗುವ ನಮ್ಮ ರೇಡಿಯೋ ಪದ್ಧತಿ ಇರಲಿ, ಕೇಳುವಾಗ ಆಲ್ಬಮ್ಮನ್ನು ಮೊದಲಿನಿಂದ ಕೊನೆಯವರೆಗೆ ಕೇಳುವ, ಇಲ್ಲಿನ ಹಳೆ ರೆಕಾರ್ಡ್ ಅಂಗಡಿಗಳ ಗಿರಾಕಿಗಳ ಪದ್ಧತಿ ಇರಲಿ.

ಹುಡುಕುವ ದಾರಿ ಹೇಗೆ ಸಾಗುತ್ತದೆ ನೋಡಿ. ರ‍್ಯಾಪ್ ಕಲಾವಿದ ಕೆಂಡ್ರಿಕ್ ಲಾಮಾರ್ ಅವರ ‘ಟು ಪಿಂಪ್ ಎ ಬಟರ್‌ಫ್ಲೈ’ (2015) ಎಲ್ಲರಿಗೂ ಗೊತ್ತಿರುವ ಆಲ್ಬಮ್. ಅದರ ‘ಇನ್‌ಸ್ಟಿಟ್ಯೂಷನಲೈಜ್ಡ್’ ಮತ್ತು ‘ದೀಸ್ ವಾಲ್ಸ್’ ಎರಡರಲ್ಲೂ ಬಿಲಾಲ್ ಎಂಬ ಗಾಯಕನ ಹೆಸರಿದೆ. ಇವರು ಫಿಲಡೆಲ್ಫಿಯಾದವರು. 2001ರಲ್ಲಿ ‘ಫಸ್ಟ್ ಬಾರ್ನ್ ಸೆಕೆಂಡ್’ ತಂದವರು, 2015ರಲ್ಲಿ ‘ಇನ್ ಅನದರ್ ಲೈಫ್’ ತಂದರು. ಅದರ ನಿರ್ಮಾಪಕ, ಎಂದರೆ ಧ್ವನಿಮುದ್ರಣವನ್ನು ರೂಪಿಸಿದವರು, ಏಡ್ರಿಯನ್ ಯಂಗ್. ಈ ಯಂಗ್ 2013ರಲ್ಲಿ ವು-ಟ್ಯಾಂಗ್ ಎಂಬ ರ‍್ಯಾಪ್ ತಂಡದ ಗೋಸ್ಟ್‌ಫೇಸ್ ಕಿಲ್ಲಾ ಜೊತೆ ‘ಟ್ವೆಲ್ವ್ ರೀಸನ್ಸ್ ಟು ಡೈ’ ಮಾಡಿದ್ದರು. ಅದೇ ವರ್ಷ ಡೆಲ್ಫಾನಿಕ್ಸ್ ಎಂಬ ಹಳೆಯ ಸೋಲ್ ತಂಡದ ವಿಲಿಯಂ ಹಾರ್ಟ್ ಅವರಿಂದ ಹೊಸ ಆಲ್ಬಮ್ಮನ್ನೇ ಹಾಡಿಸಿದರು. ಡೆಲ್ಫಾನಿಕ್ಸ್ ಎಂದರೆ ಮತ್ತೆ ಫಿಲಡೆಲ್ಫಿಯಾ, ಥಾಮ್ ಬೆಲ್ ಅವರ ವಾದ್ಯಸಂಯೋಜನೆ, 1968ರ ‘ರೆಡಿ ಆರ್ ನಾಟ್’. ಆ ಪಲ್ಲವಿಯನ್ನು 1996ರಲ್ಲಿ ಫ್ಯೂಜೀಸ್ ಎಂಬ ಹಿಪ್‌ಹಾಪ್ ತಂಡದವರು ಎತ್ತಿಕೊಂಡರು. ಮರುವರ್ಷ ರ‍್ಯಾಪ್ ಕಲಾವಿದೆ ಮಿಸ್ಸಿ ಎಲಿಯಟ್ ಅದೇ ಹಾಡಿನ ತುಣುಕಿನ ಮೇಲೆ ‘ಸಾಕ್ ಇಟ್ ಟು ಮಿ’ ಕಟ್ಟಿದರು. ಒಂದು ಹೆಸರು ಹಿಡಿದು ಹೊರಟರೆ ಸುಮಾರು ಐವತ್ತು ವರ್ಷದ ಸಂಗೀತ ಬಿಚ್ಚಿಕೊಂಡಿತು. ಹೊಸದು ಬೇಕೆಂದವರು ಇದೇ ದಾರಿಯಲ್ಲಿ ಮುಂದಕ್ಕೂ ಬರಬಹುದು. ಬಿಲಾಲ್ ಅವರ ‘ಅಡ್ಜಸ್ಟ್ ಬ್ರೈಟ್‌ನೆಸ್’ ಬಂದದ್ದು 2024ರಲ್ಲಿ. ಲಾಮಾರ್ ಆಲ್ಬಮ್ಮಿನ ‘ಕಾಂಪ್ಲೆಕ್ಷನ್’ ಹಾಡಿನಲ್ಲಿ ಬರುವ ರ‍್ಯಾಪ್ಸಡಿ 2019ರಲ್ಲಿ ‘ಈವ್’, 2024ರಲ್ಲಿ ‘ಪ್ಲೀಸ್ ಡೋಂಟ್ ಕ್ರೈ’ ತಂದರು. ‘ಈವ್’ನಲ್ಲಿ ಹಾಡಿಗೊಬ್ಬ ಕಪ್ಪು ಮಹಿಳೆಯ ಹೆಸರಿದೆ. ರ‍್ಯಾಪ್‌ಗೆ ಹೊಸಬರಾದವರಿಗೆ ನಾನು ಮೊದಲು ಕೊಡುವುದು ಅದನ್ನೇ.

ಹೆಸರುಗಳು ಎಲ್ಲಿ ಸಿಗುತ್ತವೆ? ಸ್ಪಾಟಿಫೈನಲ್ಲಿ ಹಾಡಿನ ಪಕ್ಕದ ಮೂರು ಚುಕ್ಕಿ ಒತ್ತಿದರೆ ಕ್ರೆಡಿಟ್ಸ್ ಇದೆ. ಆದರೆ ಅಲ್ಲಿ ಬರೆದವರು ಮತ್ತು ನಿರ್ಮಾಪಕರಷ್ಟೇ ಸಿಗುವುದು ಹೆಚ್ಚು, ವಾದ್ಯಗಾರರು ಅನೇಕ ಸಲ ಮಾಯ. ಟೈಡಲ್ ಎಂಬ ಇನ್ನೊಂದು ಆಪ್‌ನಲ್ಲಿ ವಿವರ ಜಾಸ್ತಿ. ಪೂರ್ತಿ ಪಟ್ಟಿ ಬೇಕಾದರೆ ಡಿಸ್ಕಾಗ್ಸ್ ಎಂಬ ಜಾಲತಾಣಕ್ಕೆ ಹೋಗಬೇಕು, ಏಕೆಂದರೆ ಅಲ್ಲಿ ರೆಕಾರ್ಡಿನ ಹೊದಿಕೆ ನೋಡಿ ತುಂಬಿಸಿರುತ್ತಾರೆ. ಒಬ್ಬ ವಾದ್ಯಗಾರನ ಹೆಸರು ಒತ್ತಿದರೆ ಅವರು ನುಡಿಸಿದ ಆಲ್ಬಮ್‌ಗಳೆಲ್ಲ ವರ್ಷವಾರು ಬರುತ್ತವೆ. ಸ್ಯಾಂಪಲ್, ಎಂದರೆ ಹಳೆ ಹಾಡಿನಿಂದ ಎತ್ತಿಕೊಂಡ ತುಣುಕು, ಎಲ್ಲಿಂದ ಬಂತು ಎನ್ನುವುದಕ್ಕೆ ಹೂಸ್ಯಾಂಪಲ್ಡ್ ಜಾಲತಾಣ ಇದೆ, ಎರಡೂ ಹಾಡಿನಲ್ಲಿ ಯಾವ ನಿಮಿಷ, ಯಾವ ಸೆಕೆಂಡ್ ಎಂದು ತೋರಿಸುತ್ತದೆ. ಅಲ್ಲಿ ತುಂಬಿಸುವವರು ಕೇಳುಗರೇ ಆದ್ದರಿಂದ ಕಿವಿಯಿಂದ ತಾಳೆ ನೋಡದೆ ನಂಬಬೇಡಿ.

ಲೇಬಲ್, ಎಂದರೆ ರೆಕಾರ್ಡ್ ತರುವ ಕಂಪನಿ, ಹಿಡಿದು ಹೋಗುವುದೂ ಒಳ್ಳೆಯದೇ. ಬ್ರೂಕ್ಲಿನ್ನಿನ ಡ್ಯಾಪ್‌ಟೋನ್ ಲೇಬಲ್ಲಿನ ಡ್ಯಾಪ್-ಕಿಂಗ್ಸ್ ವಾದ್ಯತಂಡವೇ ಏಮಿ ವೈನ್‌ಹೌಸ್ ಅವರ ‘ಬ್ಯಾಕ್ ಟು ಬ್ಲ್ಯಾಕ್’ನ (2006) ಹಲವು ಹಾಡುಗಳಿಗೆ ನುಡಿಸಿದ್ದು. ಆ ಬಳಗದಲ್ಲಿದ್ದ ಲಿಯಾನ್ ಮೈಕಲ್ಸ್ ಮುಂದೆ ಬಿಗ್ ಕ್ರೌನ್ ಲೇಬಲ್ ಕಟ್ಟಿದರು. ಲೇಡಿ ರೇ ಅವರ ‘ಪೀಸ್ ಆಫ್ ಮಿ’ (2022) ಅಲ್ಲಿನದು. ರವಿಶಂಕರ್ ಅವರ ಮಗಳು ನೋರಾ ಜೋನ್ಸ್ ಅವರ ‘ವಿಷನ್ಸ್’ಗೂ (2024) ಮೈಕಲ್ಸ್ ಅವರೇ ನಿರ್ಮಾಪಕರು.

ನಮ್ಮವರ ಹಾಡಿಗೂ ಈ ಪದ್ಧತಿ ಬೇಕು. 2024ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿ ಹತ್ತಿದ ‘ಬಿಗ್ ಡಾಗ್ಸ್’ ಎಂದರೆ ಬೆಂಗಳೂರಿನ ಹನುಮಾನ್‌ಕೈಂಡ್ ಹೆಸರು ಎಲ್ಲರ ಬಾಯಲ್ಲೂ ಬಂತು. ಆ ಬೀಟ್ ಕಟ್ಟಿದ ಕಲ್ಮಿ ಹೆಸರು ಎಷ್ಟು ಜನಕ್ಕೆ ಗೊತ್ತು?

ಇನ್ನು ಕೇಳುವ ವಿಚಾರ. ಇದರಲ್ಲಿ ನಾವು ಹಿಂದೆ. ಸಿನಿಮಾ ಹಾಡು ಬಿಡಿಬಿಡಿಯಾಗಿ ಕೇಳಿ ರೂಢಿಯಾದವರು, ಇಷ್ಟವಾದ ಹಾಡಿಗೆ ಕ್ಯಾಸೆಟ್ ಓಡಿಸಿದವರು. ಲಾಮಾರ್ ಆಲ್ಬಮ್ಮನ್ನು ಹಾಗೆ ಕೇಳಿದರೆ ಅರ್ಧಕ್ಕರ್ಧ ನಷ್ಟ. ಕೆಲವು ಹಾಡುಗಳ ಕೊನೆಯಲ್ಲಿ ಒಂದು ಪದ್ಯ ಬರುತ್ತದೆ. ಬಂದಾಗಲೆಲ್ಲ ಒಂದೆರಡು ಸಾಲು ಬೆಳೆಯುತ್ತಾ ಹೋಗಿ, ಹದಿನಾರನೆಯದಾದ ‘ಮಾರ್ಟಲ್ ಮ್ಯಾನ್’ನಲ್ಲಿ ಪೂರ್ತಿಯಾಗುತ್ತದೆ. ಆ ಪದ್ಯವನ್ನು ಲಾಮಾರ್ ಓದುತ್ತಿದ್ದದ್ದು ಹಿಂದಿನ ತಲೆಮಾರಿನ ರ‍್ಯಾಪ್ ಕಲಾವಿದ ಟುಪಾಕ್‌ಗೆ ಎಂದು ಆಗ ತಿಳಿಯುತ್ತದೆ. ಟುಪಾಕ್ ತೀರಿಕೊಂಡದ್ದು 1996ರಲ್ಲಿ. ಸ್ವೀಡನ್ನಿನ ರೇಡಿಯೋ ಪತ್ರಕರ್ತ ಮಾಟ್ಸ್ ನಿಲೆಸ್ಕೇರ್ 1994ರಲ್ಲಿ ಮಾಡಿದ ಸಂದರ್ಶನದ ಉತ್ತರಗಳನ್ನು ಜೋಡಿಸಿ ಲಾಮಾರ್ ಸಂಭಾಷಣೆ ಕಟ್ಟಿದ್ದಾರೆ. ಹಾಡುಗಳ ಕ್ರಮ ಕಲಸುವ ಶಫಲ್ ಒತ್ತಿದವರಿಗೆ ಇದೆಲ್ಲ ಬರೀ ಗೊಣಗಾಟ.

ಆದ್ದರಿಂದ ಮೊದಲು ಶಫಲ್, ಆಟೋಪ್ಲೇ, ಕ್ರಾಸ್‌ಫೇಡ್ ಮೂರನ್ನೂ ಆಫ್ ಮಾಡಿ. ಕ್ರಾಸ್‌ಫೇಡ್ ಇದ್ದರೆ ಒಂದು ಹಾಡಿನ ಬಾಲ ಇನ್ನೊಂದರ ತಲೆಯ ಮೇಲೆ ಕೂರುತ್ತದೆ. ಡೀಲಕ್ಸ್ ಆವೃತ್ತಿಯಾದರೆ ಮೂಲದಲ್ಲಿ ಎಷ್ಟು ಹಾಡು ಎಂದು ನೋಡಿ ಅಲ್ಲಿಗೇ ನಿಲ್ಲಿಸಿ, ಉಳಿದದ್ದು ಅಂಗಡಿಯವರ ಕೊಸರು. ‘ಕ್ಲೀನ್’ ಆವೃತ್ತಿ ಬೇಡವೇ ಬೇಡ. ಬೈಗುಳ ಅಳಿಸಿದ ಕಡೆ ಪ್ರಾಸವೂ ಹೋಗಿ ಹಾಡಿನ ನಡಿಗೆ ಕುಂಟುತ್ತದೆ. ಮನೆಯಲ್ಲಿ ಹಿರಿಯರೋ ಮಕ್ಕಳೋ ಇದ್ದರೆ ಹೆಡ್‌ಫೋನ್ ಹಾಕಿಕೊಳ್ಳಿ.

ಲಾಮಾರ್ ಆಲ್ಬಮ್ಮಿನ 79 ನಿಮಿಷವೂ ಒಟ್ಟಿಗೆ ಕೂರುವುದು ಕಷ್ಟ ಎನ್ನುವವರ ಮಾತು ನ್ಯಾಯವೇ. ಸಿ.ಡಿ.ಯಲ್ಲಿ 80 ನಿಮಿಷದ ಜಾಗ ಇದೆ ಎಂದೇ ಆಲ್ಬಮ್‌ಗಳು ಹೀಗೆ ಉದ್ದವಾದವು. ಎಲ್‌ಪಿಯ ಒಂದು ಬದಿಯಲ್ಲಿ 22 ನಿಮಿಷಕ್ಕಿಂತ ಹೆಚ್ಚು ತುಂಬಿಸಿದರೆ ಶಬ್ದ ಬಡವಾಗುತ್ತದೆ, ಹಾಗಾಗಿ ಎಪ್ಪತ್ತರ ದಶಕದ ಸೋಲ್ ಆಲ್ಬಮ್‌ಗಳು ಸಾಮಾನ್ಯವಾಗಿ 35–40 ನಿಮಿಷಕ್ಕೆ ಮುಗಿಯುತ್ತವೆ. ಉಪಾಯ ಡಿಸ್ಕಾಗ್ಸ್‌ನಲ್ಲೇ ಇದೆ: ಎಲ್‌ಪಿ ಆವೃತ್ತಿಯ ಪಟ್ಟಿಯಲ್ಲಿ ಎ, ಬಿ, ಸಿ, ಡಿ ಎಂದು ಬದಿ ಗುರುತಿಸಿರುತ್ತಾರೆ. ಒಂದು ಕೂತಿಗೆ ಒಂದು ಬದಿ ಕೇಳಿ, ಬದಿ ಮುಗಿದಾಗ ನಿಲ್ಲಿಸಿ.

ಮೊಬೈಲ್ ಸ್ಪೀಕರಿನಲ್ಲಿ ಸೋಲ್ ಕೇಳಿ ಏನೂ ಇಲ್ಲ ಎನ್ನುವವರದು ಕಿವಿಯ ತಪ್ಪಲ್ಲ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 41 ಹರ್ಟ್ಸ್. ಆ ಶಬ್ದ ಮೊಬೈಲ್ ಸ್ಪೀಕರಿನಿಂದ ಹೊರಬರುವುದೇ ಇಲ್ಲ. ಪಾರ್ಟಿ ಸ್ಪೀಕರು ಇನ್ನೊಂದು ಅತಿ, ಬೇಸನ್ನು ಉಬ್ಬಿಸಿ ಡ್ರಮ್ಸ್ ಜೊತೆ ಕಲಸಿಬಿಡುತ್ತದೆ. ಸೋಲ್ ಗಾಯಕ ಡಿ’ಆಂಜೆಲೊ ಅವರ ‘ವೂಡೂ’ (2000) ಕೇಳಲು ಸಾಧಾರಣ ವೈರ್ ಹೆಡ್‌ಫೋನ್ ಸಾಕು, ಆದರೆ ಅದು ಬೇಕೇ ಬೇಕು. ಅಲ್ಲಿ ಪಿನೋ ಪಲಾಡಿನೋ ಅವರ ಬೇಸ್, ಕ್ವೆಸ್ಟ್‌ಲವ್ ಅವರ ಡ್ರಮ್ಸ್ ಬೇಕೆಂದೇ ಒಂದು ಎಳೆ ಹಿಂದೆ ಬೀಳುತ್ತವೆ. ಇದು ಡೆಟ್ರಾಯ್ಟಿನ ಹಿಪ್‌ಹಾಪ್ ನಿರ್ಮಾಪಕ ಜೆ ಡಿಲ್ಲಾ ಅವರಿಂದ ಬಂದ ಗುಣ. ಬೀಟ್ ಕಟ್ಟುವ ಎಂಪಿಸಿ3000 ಯಂತ್ರದಲ್ಲಿ ಕೆಲವು ಪೆಟ್ಟುಗಳನ್ನು ಬೇಕೆಂದೇ ಲೆಕ್ಕದಿಂದ ಚೂರು ಸರಿಸುತ್ತಿದ್ದರು. ಆ ಯಂತ್ರ ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿದೆ. ಕರ್ನಾಟಕ ಸಂಗೀತ ಬಲ್ಲವರು ಇದನ್ನು ಅನಾಗತ ಗ್ರಹ, ಎಂದರೆ ತಾಳ ಶುರುವಾದ ಮೇಲೆ ಹಾಡು ಎತ್ತಿಕೊಳ್ಳುವುದು, ಎಂದುಕೊಳ್ಳುವುದುಂಟು. ಅದಲ್ಲ. ಅನಾಗತದ ಅಂತರ ಅಕ್ಷರ ಲೆಕ್ಕದಲ್ಲಿ ಸಿಗುತ್ತದೆ, ಡಿಲ್ಲಾ ಅಂತರ ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಕೈಯಲ್ಲಿ ತಾಳ ಹಾಕುತ್ತಾ ಕೇಳಿದರೆ ತಟ್ಟನೆ ಗೊತ್ತಾಗುತ್ತದೆ.

ಇಷ್ಟವಾದ ಮೇಲೆ ಕೊಳ್ಳುವವರಿಗೆ, ಕಲಾವಿದರೇ ನೇರವಾಗಿ ಮಾರುವ ಬ್ಯಾಂಡ್‌ಕ್ಯಾಂಪ್ ಜಾಲತಾಣ ಒಳ್ಳೆಯದು. ಡಿಜಿಟಲ್ ಮಾರಾಟದಲ್ಲಿ ಅದರ ಪಾಲು ಶೇ. 15, ಎಲ್‌ಪಿ ಮತ್ತಿತರ ವಸ್ತುಗಳಲ್ಲಿ ಶೇ. 10. 2020ರ ಮಾರ್ಚಿನಿಂದ ಕೆಲವು ಶುಕ್ರವಾರ ಆ ಪಾಲನ್ನೂ ಬಿಟ್ಟುಕೊಡುತ್ತಿದ್ದಾರೆ. ದಿನ ನೋಡಿ ಕೊಂಡರೆ ಕಲಾವಿದರಿಗೆ ಹೆಚ್ಚು ಸೇರುತ್ತದೆ. ಇಳಿಸಿಕೊಳ್ಳುವಾಗ ಧ್ವನಿಯ ಗುಣ ಕುಗ್ಗದ ಫ್ಲ್ಯಾಕ್ ಫೈಲನ್ನೇ ಆಯ್ದುಕೊಳ್ಳಿ, ಒಂದು ಗಂಟೆಯ ಆಲ್ಬಮ್‌ಗೆ 300–400 ಎಂಬಿ ಆಗುತ್ತದೆ. ಊರಿನಿಂದ ಕೊಳ್ಳುವವರು ಬ್ಯಾಂಕಿನ ಆಪ್‌ನಲ್ಲಿ ಕಾರ್ಡಿನ ವಿದೇಶಿ ವಹಿವಾಟು ಚಾಲೂ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಎಲ್‌ಪಿಯನ್ನು ಅಮೆರಿಕದಿಂದ ಒಂದೊಂದಾಗಿ ತರಿಸಬೇಡಿ, ಅಂಚೆ ಮತ್ತು ಸುಂಕ ಸೇರಿ ರೆಕಾರ್ಡಿನ ಬೆಲೆಯನ್ನೇ ಮೀರಬಹುದು. ಇಲ್ಲಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ತರಿಸುವುದಾದರೆ ನಡುವೆ, ಬಟ್ಟೆಗಳ ಮಧ್ಯೆ, ಗಟ್ಟಿ ರಟ್ಟಿನೊಳಗೆ ಇಡಲು ಹೇಳಿ. ಹೊರಗೋಡೆಗೆ ಒತ್ತಿ ಇಟ್ಟದ್ದು ಮೂಲೆ ಮುರಿದೇ ಬರುತ್ತದೆ.