ಬಾಟಲಿಯಲ್ಲಿ ಗಟ್ಟಿ, ಗಾಳದ ಮೇಲೆ ಬಿಳಿ

ಎರೆಹುಳ ಅಂಗಳದಲ್ಲೇ ಪುಕ್ಕಟೆ ಸಿಗುವಾಗ ಕೋಳಿಪುಕ್ಕದಲ್ಲಿ ನಕಲಿ ಹುಳ ಕಟ್ಟಿ ಮೀನು ಹಿಡಿಯಲು ಹೊರಡುವವನಿಗೆ ಎಂತದೋ ಆಗಿದೆ ಅಂತ ನಮ್ಮ ತೀರ್ಥಹಳ್ಳಿ ಕಡೆಯವರ ಲೆಕ್ಕ. ಚಿಬ್ಬಲಗುಡ್ಡೆಯಲ್ಲಿ, ಶೃಂಗೇರಿಯಲ್ಲಿ ತುಂಗೆಯ ಮೀನುಗಳಿಗೆ ಜನ ಮಂಡಕ್ಕಿ ಹಾಕಿ ಕೈ ಮುಗಿಯುತ್ತಾರೆ, ಅಲ್ಲಿ ಗಾಳದ ಮಾತೇ ಇಲ್ಲ. ನನ್ನದೇನಿದ್ದರೂ ಭಾವನ ತೋಟದ ಕೆರೆಯಲ್ಲಿ.

ಹುಳ ಕಟ್ಟುವುದು ಕಷ್ಟವಲ್ಲ. ಗಾಳಕ್ಕೆ ನೂಲು ಸುತ್ತಿ, ನಾಟಿ ಹುಂಜದ ಕುತ್ತಿಗೆ ಪುಕ್ಕ ಸುತ್ತಿ, ಗಾಳದ ಕಣ್ಣಿನ ಹತ್ತಿರ ಗಂಟು ಹಾಕಿದರೆ ಆಯಿತು. ಆ ಗಂಟು ಬಿಚ್ಚಬಾರದು ಅಂತ ಸೂಜಿ ಮೊನೆಯಿಂದ ಒಂದು ಹನಿ ವಾರ್ನಿಶ್ ಇಡುತ್ತಾರೆ ನೋಡಿ, ತಂಟೆ ಶುರುವಾಗುವುದು ಅಲ್ಲಿ. ಹೆಡ್ ಸಿಮೆಂಟ್ ಅಂತ ಅದರ ಹೆಸರು. ತೀರಾ ತೆಳ್ಳಗಿದ್ದರೆ ಪುಕ್ಕಕ್ಕೆಲ್ಲ ಹರಿದು ಹುಳ ಅಂಟಂಟಾಗುತ್ತದೆ. ಗಟ್ಟಿ ಇದ್ದರೆ ನೂಲಿನೊಳಗೆ ಇಳಿಯದೆ ಮೇಲೆಯೇ ಗುಂಡಗೆ ಕೂತು ಗಾಳದ ಕಣ್ಣನ್ನೂ ಮುಚ್ಚುತ್ತದೆ. ಹಸಿ ಇದ್ದಾಗಲೇ ಕಣ್ಣಿನೊಳಗೆ ಒಂದು ಪುಕ್ಕ ತೂರಿಸಿ ಎಳೆದುಬಿಡಬೇಕು. ಇಲ್ಲದಿದ್ದರೆ ಕೆರೆ ದಂಡೆಯಲ್ಲಿ ತಂಗೂಸಿ ದಾರ ಪೋಣಿಸಲಾಗದೆ, ಮೀನು ಹಾರುವುದನ್ನು ನೋಡುತ್ತಾ ಕೂರಬೇಕು.

ಕೊರಿಯರ್‌ನಲ್ಲಿ ಬಂದಾಗ ನನ್ನ ಬಾಟಲಿ ಸರಿಯಾಗೇ ಇತ್ತು. ಆಮೇಲೆ ಮುಚ್ಚಳ ಬಾಟಲಿಯ ಕುತ್ತಿಗೆಗೆ ಅಂಟಿಕೊಂಡಿತು. "ಕೊಡು ಇಲ್ಲಿ" ಅಂತ ಭಾವ ಅಡಕತ್ತರಿ ಹಾಕಿ ತಿರುಗಿಸಿದರು. ಮುಚ್ಚಳ ಬಂತು, ಎರಡು ಹೋಳಾಗಿ. ಪ್ಲಾಸ್ಟಿಕ್ ಹಾಳೆ, ರಬ್ಬರ್ ಬ್ಯಾಂಡ್ ಏನು ಕಟ್ಟಿದರೂ ಒಳಗಿನ ಥಿನ್ನರ್ ಆವಿಯಾಗುವುದು ನಿಲ್ಲಲಿಲ್ಲ. ಸ್ವಲ್ಪ ದಿನದಲ್ಲೇ ಸಿಮೆಂಟ್ ಜೋನಿಬೆಲ್ಲ ಆಯಿತು.

ತೆಳ್ಳಗೆ ಮಾಡಲು ಏನಾದರೂ ಕೊಡಿ ಅಂತ ಶಿವಮೊಗ್ಗದಲ್ಲಿ ಒಂದು ಪೇಂಟ್ ಅಂಗಡಿಯಲ್ಲಿ ಕೇಳಿದೆ. ಟರ್ಪೆಂಟೈನ್ ಕೊಟ್ಟರು. ಎಣ್ಣೆ ಪೇಂಟಿಗೆ ಅದು ಸರಿ, ನನ್ನ ಸಿಮೆಂಟಿಗಲ್ಲ. ಅರ್ಧ ಬಾಟಲಿ ಗಂಟುಗಂಟಾಯಿತು. ಹೆಂಡತಿಯ ನೇಲ್ ಪಾಲಿಶ್ ರಿಮೂವರ್ ಕಣ್ಣಿಗೆ ಬಿತ್ತು. ಅದರಲ್ಲಿ ಉಗುರಿಗೆ ಒಳ್ಳೆಯದೆಂದು ಎಣ್ಣೆ ಸೇರಿಸಿದ್ದರು, ಎಣ್ಣೆ ಸೇರಿದರೆ ಸಿಮೆಂಟ್ ಎಲ್ಲಿ ಹಿಡಿಯುತ್ತದೆ? ಕೊನೆಗೆ ನಮ್ಮ ಬಾಗಿಲಿಗೆ ಪಾಲಿಶ್ ಹಾಕುತ್ತಿದ್ದ ಆಚಾರ್ರು ಬಾಟಲಿ ಮೂಸಿ ನೋಡಿ, "ಎನ್‌ಸಿ ಥಿನ್ನರ್ ಹಾಕಿ ಮಾರಾಯ್ರೆ, ಒಂದೊಂದೇ ಹನಿ" ಅಂದರು. ಎನ್‌ಸಿ ಅಂದರೆ ನೈಟ್ರೋಸೆಲ್ಯುಲೋಸ್. ಮರದ ಲ್ಯಾಕರ್, ನೇಲ್ ಪಾಲಿಶ್, ಈ ತರಹದ ಹೆಡ್ ಸಿಮೆಂಟ್ ಎಲ್ಲದರ ಮೂಲ ಅದೇ. ನೀರಿನಲ್ಲಿ ಕಲಸಿದ ಸಿಮೆಂಟೂ ಬರುತ್ತದೆ, ಅದಕ್ಕೆ ನೀರೇ ಸಾಕು. ಆದರೆ ನಮ್ಮ ಮನೆಗೆ ಅಷ್ಟು ಸುಲಭದ್ದು ಎಲ್ಲಿ ಬರುತ್ತದೆ?

ಆಚಾರ್ರು ಥಿನ್ನರ್ ತಂದರು. ಸಹಾಯಕ್ಕೆ ಭಾವನೂ ಬಂದರು. ಬಂದವರು ಅದನ್ನು ಗೃಹಪ್ರವೇಶದಲ್ಲಿ ಉಳಿದಿದ್ದ ಥರ್ಮೋಕೋಲ್ ಲೋಟಕ್ಕೆ ಬಗ್ಗಿಸಿದರು. ಥಿನ್ನರ್ ಥರ್ಮೋಕೋಲನ್ನು ಕರಗಿಸುತ್ತದೆ. ನೋಡನೋಡುತ್ತಲೇ ಲೋಟದ ತಳ ಮಾಯ, ಅದರ ಕೆಳಗೆ ಅಜ್ಜನ ಕಾಲದ ಮೇಜಿನ ಪಾಲಿಶೂ ಮಾಯ. "ಲೋಟ ಕಳಪೆ" ಅಂದರು ಭಾವ. ಅಮ್ಮ ಏನೂ ಅನ್ನಲಿಲ್ಲ, ಮೂಗು ಮುಚ್ಚಿಕೊಂಡು ಕಿಟಕಿ ತೆರೆದರು. ಕಿಟಕಿಯಿಂದ ಮಳೆ ಒಳಗೆ ಬಂತು.

ಮಳೆ ಬಂದರೆ ಇನ್ನೊಂದು ಕಥೆ. ವರ್ಷಕ್ಕೆ ಸರಾಸರಿ 7,000 ಮಿ.ಮೀ. ದಾಟುವ ಆಗುಂಬೆ ಪಕ್ಕದಲ್ಲೇ ಇರುವಾಗ ನಮ್ಮ ಗಾಳಿಯಲ್ಲಿ ನೀರಿಗೆ ಬರವೇ? ಥಿನ್ನರ್ ಬೇಗ ಹಾರುವಾಗ ಹಚ್ಚಿದ ಜಾಗ ತಣ್ಣಗಾಗುತ್ತದೆ, ಅಲ್ಲಿ ಗಾಳಿಯ ತೇವ ಹನಿಗಟ್ಟುತ್ತದೆ, ಮಿರಿಮಿರಿ ಮಿಂಚಬೇಕಾದ ಸಿಮೆಂಟ್ ಬೆಳ್ಳಗಾಗುತ್ತದೆ. ಕಪ್ಪು ನೂಲಿನ ನನ್ನ ಹುಳಗಳಿಗೆಲ್ಲ ಒಂದೇ ರಾತ್ರಿಯಲ್ಲಿ ತಲೆ ನರೆಯಿತು. "ಒಲೆ ಮೇಲಿನ ಅಟ್ಟಕ್ಕೆ ಹಾಕೋ, ಒಣಗ್ತದೆ" ಅಂದರು ಅಮ್ಮ. ಮಲೆನಾಡಿನಲ್ಲಿ ಎಲ್ಲ ಒದ್ದೆಗೂ ಅದೇ ಮದ್ದು. ಆದರೆ ಥಿನ್ನರ್ ಡಬ್ಬಿಯನ್ನೂ ಒಟ್ಟಿಗೇ ಇಡಲು ಹೊರಟಿದ್ದರು, ಬೆಂಕಿ ತಗುಲಿದರೆ ಅಟ್ಟವೇ ಹೋಗುತ್ತಿತ್ತು. ಬಿಸಿಲು ಬಂದ ದಿನ ಒಂದು ಚೂರು ಥಿನ್ನರ್ ಸವರಿದರೆ ಆ ಬಿಳಿ ಸಾಮಾನ್ಯವಾಗಿ ಹೋಗುತ್ತದೆ. ಬಿಸಿಲು ಬರಬೇಕಲ್ಲ, ಅಷ್ಟೇ.

ಈಗ ಹೊಸ ಬಾಟಲಿ ಬಂದಿದೆ. ಮುಚ್ಚಳ ಅಂಟದಿರಲಿ ಅಂತ ಅದರ ಕುತ್ತಿಗೆಗೆ ಹೆಂಡತಿಯ ವ್ಯಾಸಲೀನ್ ಸವರಿ ಇಟ್ಟಿದ್ದೇನೆ. ಗಂಟು ಬಿಗಿಯಾಗಿ ಹಾಕಲು ಬಂದರೆ ಸಿಮೆಂಟೇ ಬೇಡ ಅನ್ನುವ ಅನುಭವಸ್ಥರೂ ಇದ್ದಾರೆ. ಆ ಮೇಜಿಗೆ ಮತ್ತೆ ಪಾಲಿಶ್ ಆಗುವವರೆಗೆ ಈ ಮಾತನ್ನು ಅಮ್ಮನ ಎದುರು ತೆಗೆಯಬೇಡಿ.